ಗೌರಕ್ಕ ಪಾಸಾದದ್ದು

ನಮ್ಮ ಹಾಸ್ಟೆಲ್ ಗೇಟಿನ ಪಕ್ಕದಲ್ಲಿ "ಪುರುಷರಿಗೆ ಪ್ರವೇಶವಿಲ್ಲ" ಎಂದು ಬರೆದ ತಗಡಿನ ಬೋರ್ಡ್ ಇತ್ತು. ಗೌರಕ್ಕ ದಿನಾ ಬೆಳಿಗ್ಗೆ ಅದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ದಿನಾ ಎಂದು ಬರೆದೆ. ಕಣ್ಣಾರೆ ಕಂಡದ್ದು ನಾಲ್ಕೋ ಐದೋ ಸಲ ಇರಬೇಕು. ಉಳಿದ ಬೆಳಗುಗಳನ್ನು ನನ್ನ ನೆನಪು ತಾನೇ ಸೇರಿಸಿಕೊಂಡಿದೆ. ಆದರೆ ಅವಳು ಹೇಳಿದ್ದು ಮಾತ್ರ ಇದೇ: "ಬೇರೆಯೋರು ಹೊಸಲು ತೊಳೀತಾರೆ. ನನ್ ಹೊಸಲು ಇದು ಕಣೇ."

ದೊಡ್ಡಬಳ್ಳಾಪುರದ ಅಂಚಿನಲ್ಲಿದ್ದ ಆ ಹಾಸ್ಟೆಲ್ ಎಂ.ಎ. ಓದುವ ಹುಡುಗಿಯರದು. ನನಗೆ ಇಪ್ಪತ್ತೆರಡು, ಗೌರಕ್ಕನಿಗೆ ಮೂವತ್ತೆಂಟು. ಇಬ್ಬರದೂ ಇತಿಹಾಸ, ಇಬ್ಬರದೂ ಒಂದೇ ರೂಮು; ಅವಳು ನನಗಿಂತ ಎರಡು ವರ್ಷ ಮೊದಲು ಸೇರಿದವಳು. ಅವಳ ಎಡಗೈ ಮೊಣಕೈಯಲ್ಲಿ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಗಂಡ ಮುರಿದದ್ದು. ನಂದಗುಡಿ ಕಡೆಯ ತವರಿಗೆ ಎರಡು ಸಲ ಓಡಿಬಂದಿದ್ದಳು, ಎರಡು ಸಲವೂ ಅವಳ ಅಣ್ಣ ತಾನೇ ಕರೆದುಕೊಂಡು ಹೋಗಿ ಗಂಡನ ಮನೆಗೆ ಬಿಟ್ಟು ಬಂದಿದ್ದ. ಊರಿನಲ್ಲಿ ಬಾಡಿಗೆ ಮನೆ ಕೇಳಿದರೆ, "ಯಜಮಾನ್ರು ಎಲ್ಲಿದಾರಮ್ಮ?" ಅನ್ನುವುದೇ ಮೊದಲ ಮಾತು. ವಿಚ್ಛೇದನದ ಕೇಸು ಕೋರ್ಟಿನಲ್ಲಿತ್ತು. ಅದು ಮುಗಿಯುವವರೆಗೆ ಗಂಡ ಕಾಲಿಡಲಾಗದ ಒಂದು ಜಾಗ ಅವಳಿಗೆ ಬೇಕಿತ್ತು. ಅದಕ್ಕಾಗಿಯೇ ಅವಳು ಎಂ.ಎ.ಗೆ ಸೇರಿದ್ದು. ಇದನ್ನು ಅವಳು ಮುಚ್ಚಿಟ್ಟವಳಲ್ಲ.

ಗಂಡ ಒಮ್ಮೆ ಗೇಟಿನವರೆಗೂ ಬಂದ. ವಾಚ್‌ಮನ್ ಮುನಿಯಪ್ಪ ಎದ್ದು ನಿಂತ.

"ನನ್ ಹೆಂಡ್ತಿನ ನೋಡಕ್ಕೆ ಬಂದಿದೀನಿ, ಬಿಡಯ್ಯಾ."

"ಹದಿನೇಳು ವರ್ಷದಿಂದ ಇಲ್ಲಿ ಕಾಯ್ತಾ ಇದೀನಿ, ನಾನೇ ಒಂದಿನ ಒಳಗ್ ಹೋಗಿಲ್ಲ. ನೀನ್ಯಾವ ಸೀಮೆ ಗಂಡಪ್ಪಾ?"

ಅವನು ಸುಮಾರು ಹೊತ್ತು ಬೋರ್ಡನ್ನು ಓದುತ್ತಾ ನಿಂತಿದ್ದು ಹೋದ. ಮಹಡಿಯ ಕಿಟಕಿಯಲ್ಲಿ ನಿಂತಿದ್ದ ಗೌರಕ್ಕ ನನ್ನ ಮುಂಗೈಯನ್ನು ಹಿಡಿದುಕೊಂಡಿದ್ದಳು. ಬಿಟ್ಟಾಗ ಅವಳ ಉಗುರಿನ ಗುರುತು ಉಳಿದಿತ್ತು. ಆಮೇಲೆ ನಕ್ಕಳು: "ನೋಡಿದ್ಯೇನೇ, ತಗಡಿಗಿರೋ ಧೈರ್ಯ ನಮ್ಮಣ್ಣಂಗಿಲ್ಲ."

ಊರಿನ ಮಗ್ಗದವರಿಂದ ಸೀರೆ ತಂದು ಸೆರಗಿಗೆ ಕುಚ್ಚು ಕಟ್ಟುವುದು ಅವಳ ಜೀವನ. ಎಡಗೈ ಎಟುಕದ ಕಡೆ ಕಾಲಿನ ಹೆಬ್ಬೆರಳಿನಿಂದ ಸೆರಗು ಹಿಡಿದು, ಬಲಗೈಯಿಂದ ಗಂಟು ಹಾಕುತ್ತಾ ನಮಗೆಲ್ಲ ಶಾಸನಶಾಸ್ತ್ರ ಹೇಳಿಕೊಡುತ್ತಿದ್ದಳು. ಹಳೆಗನ್ನಡದ ಲಿಪಿಯನ್ನು ನಮ್ಮ ಮೇಷ್ಟ್ರಿಗಿಂತ ಸಲೀಸಾಗಿ ಓದುತ್ತಿದ್ದಳು. ಅವಳ ಊರ ಕೆರೆಯ ಹಿಂದೆ ಒಂದು ವೀರಗಲ್ಲು ಇತ್ತಂತೆ. ಚಿಕ್ಕಂದಿನಲ್ಲಿ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರಂತೆ. "ಹಸ ಬಿಡಿಸ್ಕೊಂಡ್ ಬರಕ್ಕೋಗಿ ಸತ್ತೋನು ಅಂತ ಬರ್ದಿದೆ. ಅವ್ನ ಎದೆ ಮೇಲೆ ನಮ್ಮಮ್ಮ ರಗ್ಗು ಕುಕ್ತಿದ್ಲು," ಎಂದು ಎಷ್ಟು ಸಲ ಹೇಳಿದರೂ ಮತ್ತೆ ನಗುತ್ತಿದ್ದಳು.

ಅವಳಿಂದ ಕಲಿತ ನಾವೆಲ್ಲ ಆ ಪೇಪರಿನಲ್ಲಿ ಎಪ್ಪತ್ತರ ಮೇಲೆ ತೆಗೆದೆವು. ಅವಳು ಮಾತ್ರ ಅದೊಂದರಲ್ಲೇ ಫೇಲಾಗುತ್ತಿದ್ದಳು. ಎರಡು ವರ್ಷದ ಕೋರ್ಸು; ಪೇಪರ್ ಉಳಿಸಿಕೊಂಡವರಿಗೆ ನಾಲ್ಕು ವರ್ಷದವರೆಗೆ ಹಾಸ್ಟೆಲ್‌ನಲ್ಲಿ ಇರಲು ಅವಕಾಶವಿತ್ತು. ಇದು ನನಗೂ ಗೊತ್ತಿತ್ತು. ಅವಳ ಗಂಡನ ವಿಷಯವೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲ. ಜಾಣ ಹುಡುಗಿ ಎಂದು ಎಲ್ಲರಿಂದಲೂ ಹೇಳಿಸಿಕೊಂಡವಳು ನಾನು. ಒಬ್ಬಳು ಬೇಕೆಂದೇ ಫೇಲಾಗಬಹುದು ಎಂಬುದು ನನ್ನ ತಲೆಗೆ ಹೊಳೆಯುವಂತಿರಲಿಲ್ಲ.

ಅವಳ ಮೂರನೆಯ ವರ್ಷದ ಫಲಿತಾಂಶ ಬಂದಾಗ ಮತ್ತೆ ಫೇಲು. ಆದರೆ ಈ ಸಲ ಎರಡೇ ಅಂಕ ಕಡಿಮೆ.

"ರೀವ್ಯಾಲ್ಯುಯೇಷನ್‌ಗೆ ಹಾಕು ಅಕ್ಕ," ಎಂದೆ.

"ಬೇಡ ಬಿಡೇ. ಸುಮ್ನಿರು."

ಸಂಕೋಚ ಎಂದುಕೊಂಡೆ. ಪಾಸಾದರೆ ಎಲ್ಲಾದರೂ ಮೇಡಂ ಆಗುತ್ತಾಳೆ, ಯಾರ ಹಂಗೂ ಇರುವುದಿಲ್ಲ ಎಂದು ನಾನೇ ಅವಳ ಮುಂದಿನ ಬದುಕನ್ನೆಲ್ಲ ಬರೆದು ಮುಗಿಸಿದೆ. ಅವಳ ಬೀರುವಿನ ಬಾಗಿಲಿಗೆ ಅಂಟಿಸಿದ್ದ ಹಾಲ್‌ಟಿಕೆಟ್ ನೋಡಿಕೊಂಡು ಫೋನಿನಲ್ಲೇ ಅರ್ಜಿ ತುಂಬಿದೆ. ಸಹಿ ಯಾರೂ ಕೇಳಲಿಲ್ಲ.

ಆರು ಅಂಕ ಹೆಚ್ಚಾಯಿತು. ನಾನು ಮೈಸೂರು ಪಾಕು ತಂದು ಮಹಡಿಯವರಿಗೆಲ್ಲ ಹಂಚಿ, ಕೊನೆಗೆ ರೂಮಿಗೆ ಬಂದು ಅವಳ ಮುಂದೆ ಹಿಡಿದೆ. ಅವಳು ಹೆಬ್ಬೆರಳಿನಲ್ಲಿದ್ದ ಸೆರಗನ್ನು ಬಿಟ್ಟಳು.

"ಏನ್ ಮಾಡಿಟ್ಟೆ ಕಣೇ," ಎಂದಳು. ಬೈಗುಳದ ಧ್ವನಿಯಲ್ಲ. ಹಾಲು ಉಕ್ಕಿದಾಗ ಅಡಿಗೆಮನೆಯಲ್ಲಿ ಅನ್ನುವ ಹಾಗೆ.

ಆಗ ಹೇಳಿದಳು. ಪ್ರತಿ ಸಲ ಇಷ್ಟೇ ಬರೆಯಬೇಕು ಎಂದು ಅಳೆದು ಬರೆದು, ಅರ್ಧ ಗಂಟೆಗೆ ಎದ್ದು ಬರುತ್ತಿದ್ದಳಂತೆ. ಈ ಸಲ ವೀರಗಲ್ಲಿನ ಮೇಲೆ ಒಂದು ಪ್ರಶ್ನೆ ಬಂದಿತ್ತು. "ಮಿಕ್ಕಿದ್ದೆಲ್ಲಾ ಬಿಟ್ಬಿಟ್ಟೆ. ಅದೊಂದ್ ಬಿಡಕ್ಕಾಗ್ಲಿಲ್ಲ. ನಮ್ಮೂರ್ ಕಲ್ಲು ಅಲ್ವಾ, ಬರೀತಾ ಬರೀತಾ ಬೆಲ್ಲೇ ಹೊಡೀತು."

ಹಾಗಾಗಿ ತಪ್ಪು ಆ ಪ್ರಶ್ನೆಯದು ಎಂದು ಬರೆದರೆ ನನಗೆ ಅನುಕೂಲ. ಪ್ರಶ್ನೆ ಅವಳನ್ನು ಎರಡು ಅಂಕ ಈಚೆಗೆ ನಿಲ್ಲಿಸಿತ್ತು. ದಾಟಿಸಿದ್ದು ನಾನು.

ಮಾರನೆಯ ದಿನ ನಾವಿಬ್ಬರೂ ವಾರ್ಡನ್ ಮೇಡಂ ಮುಂದೆ ನಿಂತೆವು. ಕೆಟ್ಟವರಲ್ಲ ಅವರು, ಕುರ್ಚಿ ಕೊಟ್ಟರು, ನೀರು ಕೊಟ್ಟರು.

"ಅರ್ಧ ರೂಮುಗಳು ಖಾಲಿ ಇದಾವಲ್ಲ ಮೇಡಂ," ಎಂದೆ.

"ಖಾಲಿ ಇದಾವಮ್ಮ. ಸ್ಟೂಡೆಂಟ್ಸ್‌ಗೆ ಖಾಲಿ ಇದಾವೆ. ಫೇಲಾಗಿದ್ರೆ ಇನ್ನೊಂದ್ ವರ್ಷ ಯಾರೂ ಕೇಳ್ತಿರ್ಲಿಲ್ಲ. ಪಾಸಾದೋರ್ನ ಏನಂತ ಇಟ್ಕೊಳ್ಳಿ?"

"ಇನ್ನೊಂದು ಎಂ.ಎ. ಮಾಡಿದ್ರೆ?"

"ಎರಡ್ನೇ ಪಿ.ಜಿ.ಗೆ ಹಾಸ್ಟೆಲ್ ಕೊಡಲ್ಲ. ರೂಲು."

ಆದರೂ ಅರ್ಜಿ ಬರೆದು ಮೇಲಕ್ಕೆ ಕಳಿಸಿದರು. ಒಂದು ವಾರಕ್ಕೆ ಒಂದೇ ಸಾಲಿನ ಉತ್ತರ ಬಂತು: "ಅರ್ಜಿದಾರರು ವಿದ್ಯಾರ್ಥಿನಿಯಲ್ಲದ ಕಾರಣ ಪರಿಗಣಿಸಲು ಅವಕಾಶವಿರುವುದಿಲ್ಲ." ಗೌರಕ್ಕ ಅದನ್ನು ಶಾಸನ ಓದುವ ಹಾಗೆ ಅಕ್ಷರ ಅಕ್ಷರ ಬಿಡಿಸಿ ಓದಿ, "ಚೆನ್ನಾಗ್ ಕೆತ್ತವ್ರೆ," ಎಂದಳು.

ನಾಲ್ಕು ದಿನ ಇಬ್ಬರೂ ಊರೆಲ್ಲ ಸುತ್ತಿ ಮನೆ ಕೇಳಿದೆವು. ಅದೇ ಪ್ರಶ್ನೆ, ಅದೇ ಬಾಗಿಲು. ಐದನೆಯ ದಿನ, ಓದು ಮುಗಿದ ಸುದ್ದಿ ತಿಳಿದು, ಅವಳ ಅಣ್ಣ ಬಂದು ಗೇಟಿನಾಚೆ ನಿಂತ. ಮುನಿಯಪ್ಪ ಅವನನ್ನೂ ಒಳಗೆ ಬಿಡಲಿಲ್ಲ. ಬ್ಯಾಗನ್ನು ನಾನೇ ಹೊತ್ತು ತಂದೆ. ಹೋಗುವಾಗ ಗೌರಕ್ಕ ಆ ಬೋರ್ಡನ್ನು ಕೊನೆಯ ಸಲ ಒರೆಸಿದಳು ಎಂದು ಬರೆಯಲು ಕೈ ಹೋಗುತ್ತದೆ. ಒರೆಸಲಿಲ್ಲ. ಅದರ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕೆನ್ನೆ ತಟ್ಟಿ, "ಚೆನ್ನಾಗ್ ಓದ್ಕೋ," ಎಂದಷ್ಟೇ ಹೇಳಿ ಬಸ್‌ಸ್ಟ್ಯಾಂಡಿನ ಕಡೆಗೆ ಅಣ್ಣನ ಹಿಂದೆ ನಡೆದಳು.

ಮೂರು ತಿಂಗಳ ಮೇಲೆ ಅವಳ ಅಂಕಪಟ್ಟಿ ಹಾಸ್ಟೆಲ್ ವಿಳಾಸಕ್ಕೆ ಬಂತು. ಅವಳ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಗಂಡಸು. ಒಮ್ಮೆ ಗೇಟಿನ ಹತ್ತಿರ "ನನ್ ಹೆಂಡ್ತಿ" ಅಂದಿದ್ದ ದನಿ.

"ಗೌರಕ್ಕ ಇದಾರಾ? ಹಾಸ್ಟೆಲ್‌ನಿಂದ ಮಾತಾಡ್ತಿದೀನಿ."

"ಯಾಕೆ? ಓದು ಮುಗೀತಲ್ಲ," ಎಂದ ಅವನು.

ಹಿಂದೆ ಎಲ್ಲೋ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಅವನ ಮಾತು ಕೇಳಿಯೋ ಏನೋ, ನಿಂತಿತು. ಅವನು ಫೋನ್ ಇಟ್ಟ. ಮತ್ತೆ ಮಾಡಿದಾಗ ಸ್ವಿಚ್ ಆಫ್ ಆಗಿತ್ತು. ಇವತ್ತಿಗೂ ಹಾಗೇ ಇದೆ.