ತ್ರೇಸ್ಯಾ ಸಿಸ್ಟರ್ ಕೊಡದ ಒಂದು ಚಮಚ ನೀರು

ನಮ್ಮ ತೃಶ್ಶೂರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ವಾರ್ಡೆಂದರೆ ಹೆಡ್ ನರ್ಸ್ ತ್ರೇಸ್ಯಾ ಸಿಸ್ಟರ್, ಇಪ್ಪತ್ತೊಂಬತ್ತು ವರ್ಷದಿಂದ. ಆಪರೇಷನ್ನಿನ ಹಿಂದಿನ ರಾತ್ರಿ ಮಂಚದ ಸರಳಿಗೆ ಕೆಂಪು ಟೇಪು ಬಿತ್ತೆಂದರೆ ರೋಗಿಗೆ ಉಗುಳು ಬಿಟ್ಟು ಇನ್ನೇನೂ ನುಂಗಲು ಅಪ್ಪಣೆಯಿಲ್ಲ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗೀತು ಎಂದು ಅವರು ಹೇಳುವ ಠೀವಿಗೆ ಬಿಷಪ್ಪರೂ ಲೋಟ ಕೆಳಗಿಟ್ಟಾರು. ಯಾರೋ ಹೂದಾನಿಯ ನೀರು ಕುಡಿದರೆಂದು ವಾರ್ಡಿನಿಂದ ಹೂವುಗಳೇ ಗಡಿಪಾರಾದವು. ದಾಖಲೆ ಬರೆಯುವ ಗುಮಾಸ್ತ ನಾನು. ನಾನೂ ಬಾಗಿಲ ಹಿಂದೆ ನಿಂತೇ ನೀರು ಕುಡಿಯುತ್ತಿದ್ದೆ.

ಹನ್ನೊಂದು ವರ್ಷದ ಹಿಂದೆ ಅವರ ಗಂಡ ಪೊರಿಂಜು ಸೊಂಟದ ಮೂಳೆ ಮುರಿದುಕೊಂಡು ಅಲ್ಲಿಗೇ ಬಂದರು. ಪಟ್ಟಿಯಲ್ಲಿ ಕೊನೆಯ ಹೆಸರು. ತುರ್ತು ಕೇಸು ಬಂತೆಂದು ಎರಡು ದಿನ ಮುಂದೂಡಿದರು. ದಿನವೂ ಸಂಜೆ ಒಂದಿಷ್ಟು ಗಂಜಿ, ರಾತ್ರಿ ಮತ್ತೆ ಟೇಪು. ಮೂರನೆಯ ದಿನ ಬೆಳಿಗ್ಗೆ ಪೊರಿಂಜು, "ಲೇ, ಒಂದ್ ಚಮಚ ಕೊಡೇ," ಎಂದರು. ಸಿಸ್ಟರ್ ಒದ್ದೆ ಹತ್ತಿಯಿಂದ ತುಟಿ ಒರೆಸಿದರು. ಆತ ಹತ್ತಿಯನ್ನು ಚೀಪಲು ಹೋದಾಗ ಕಿತ್ತುಕೊಂಡರು. ಸಂಜೆ ಆಪರೇಷನ್ ಮೇಜಿನ ಮೇಲೆ ಹೃದಯ ನಿಂತಿತು.

ಅಂದಿನಿಂದ ಹೊಸ ನರ್ಸುಗಳಿಗೆ ಮೊದಲ ಪಾಠವೇ ಈ ಕಥೆ. "ನಮ್ಮನೆಯೋರಿಗೇ ಕೊಡ್ಲಿಲ್ಲ, ನಿಮಗೆ ಕೊಡ್ತೀನಾ?" ಎಂದರೆ ಎಂಥ ರೋಗಿಯೂ ತೆಪ್ಪಗಾಗುತ್ತಿದ್ದ. ಗಂಡ ಹೋದ ಮೇಲೆ ಅವರನ್ನು ನೆಟ್ಟಗೆ ನಿಲ್ಲಿಸಿದ್ದೂ ಆ ಹೆಮ್ಮೆಯೇ.

ಹೋದ ವರ್ಷ, ಹೊಸದಾಗಿ ಬಂದ ಅರಿವಳಿಕೆಯ ಡಾಕ್ಟರ್ ಬಿಜೋಯ್ ಬೇರೆ ವಾರ್ಡುಗಳಲ್ಲಿ ಒಂದು ಅಧ್ಯಯನ ನಡೆಸಿದರು. ಅರ್ಧ ರೋಗಿಗಳಿಗೆ ಥಿಯೇಟರಿಗೆ ಕರೆಯುವವರೆಗೂ ಗುಟುಕು ನೀರು. ಉಳಿದವರಿಗೆ ಎರಡು ಗಂಟೆ ಮೊದಲೇ ಬಂದ್. ಫಲಿತಾಂಶದ ಸಭೆಯಲ್ಲಿ ತಮ್ಮದೇ ಮೂರು ಫೋಟೊ ತೋರಿಸಿದ ಮೇಲೆ ವಿಷಯಕ್ಕೆ ಬಂದರು: ಗುಟುಕರಿಸಿದ ಯಾರಿಗೂ ಕೇಡಾಗಲಿಲ್ಲ.

ಸಿಸ್ಟರ್ ಎದ್ದು ನಿಂತರು. "ಡಾಕ್ಟ್ರೇ, ಸಂಜೆ ಆಪರೇಷನ್ ಇದ್ದೋರಿಗೆ ಬೆಳಿಗ್ಗೆ ಒಂದ್ ಚಮಚ ಕೊಟ್ಟಿದ್ರೆ?"

ಕಥೆ ಗೊತ್ತಿಲ್ಲದ ಡಾಕ್ಟರ್ ನಕ್ಕರು. "ಚಮಚ ಏನ್ ಸಿಸ್ಟರ್, ಸಂಜೆ ಕೇಸಿಗೆ ಬೆಳಿಗ್ಗೆ ಲೋಟಾನೇ ಕೊಡ್ಬಹುದಿತ್ತು. ಅದು ಇಪ್ಪತ್ತೈದ್ ವರ್ಷದಿಂದ ಪುಸ್ತಕದಲ್ಲಿದೆ. ನಮ್ಮೋರು ಓದಿಲ್ಲ, ಅಷ್ಟೆ."

ಆಮೇಲೆ ಚಹಾ, ಕೇಕು. ಸಿಸ್ಟರ್ ಎರಡನ್ನೂ ಮುಟ್ಟಲಿಲ್ಲ. ಆ ಕಥೆಯನ್ನೂ ಮತ್ತೆ ಹೇಳಲಿಲ್ಲ.

ಹೊಸ ನಿಯಮ ಜಾರಿಯಾದ ವಾರ, ಆರು ವರ್ಷದ ಹಿಂದೆ ಒಂದು ಬದಿಯ ಸೊಂಟ ರಿಪೇರಿ ಮಾಡಿಸಿಕೊಂಡು ಹೋಗಿದ್ದ ಕೊಚ್ಚಪ್ಪನ್ ಇನ್ನೊಂದು ಬದಿಯದನ್ನು ಮುರಿದುಕೊಂಡು ಬಂದ. ಸಿಸ್ಟರ್ ತಾವೇ ಲೋಟ ಹಿಡಿದು ಹೋದರು. ಆತ ಮುಖ ತಿರುಗಿಸಿದ.

"ಕುಡೀರಿ ಚೇಟ್ಟಾ. ಈಗ ಕುಡೀಬಹುದು."

"ಪರೀಕ್ಷೆ ಮಾಡ್ತಿದೀರಾ ಸಿಸ್ಟರೇ? ಕಟ್ಕೊಂಡ ಗಂಡಂಗೇ ಕೊಡದಿರೋ ನೀರು ನಂಗ್ಯಾಕೆ?"

"ನಾನ್ ಹೇಳಿದ್ದು ತಪ್ಪು."

"ಸುಮ್ನಿರಿ. ನೀವು ತಪ್ಪು ಹೇಳೋರಾ?"

ಆತನ ತುಟಿ ಬಿರಿದಿತ್ತು. ಗಾಲಿಮಂಚ ಬರುವಷ್ಟರಲ್ಲಿ ಸಿಸ್ಟರ್ ಹತ್ತಿ ಒದ್ದೆ ಮಾಡಿ ಆ ತುಟಿಗೆ ಹಚ್ಚಿದರು. ಒಂದು ಹನಿಯೂ ಒಳಗೆ ಹೋಗದ ಹಾಗೆ ಕೊಚ್ಚಪ್ಪನ್ ಬಾಯಿ ಬಿಗಿ ಹಿಡಿದ.