ಬೆಂಕಿ ಮಲಗಿಸುವ ಉಗಿಮಾವ

ಉಗಿಮಾವ ಬೆಂಕಿ ಆರಿಸಿದವರಲ್ಲ, ಮಲಗಿಸಿದವರು. ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಬೇಯಿಸಲು ಉಗಿ ಒದಗಿಸುವ ಬಾಯ್ಲರ್ ಕೋಣೆಯಲ್ಲಿ ಅದು ಅವರ ನಿತ್ಯದ ಕೆಲಸ. ಸಂಜೆ ಬಟ್ಟೆ ಒಗೆಯುವವರ ಗದ್ದಲ ಅಡಗಿದ ಮೇಲೆ ಉರಿಯುವ ಕಲ್ಲಿದ್ದಲನ್ನು ಒಲೆಯ ಹಿಂದಕ್ಕೆ ಸರಿಸಿ, ಒದ್ದೆ ಕಲ್ಲಿದ್ದಲ ಪುಡಿ, ಬೂದಿ ಹೊದಿಸಿ, ಗಾಳಿಕಿಂಡಿ ಮುಚ್ಚಿ, ಮಗುವನ್ನು ತಟ್ಟುವ ಹಾಗೆ ಸಲಿಕೆಯಿಂದ ಮೆಲ್ಲಗೆ ತಟ್ಟುತ್ತಿದ್ದರು. ಬೆಳಿಗ್ಗೆ ಕೆದಕಿದರೆ ಸಾಕು, ಬೆಂಕಿ ಕಣ್ಣುಬಿಡುತ್ತಿತ್ತು.

ಆ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳೆಲ್ಲ ಮೊದಲು ಮಲಗಿದ್ದು ಅವರ ಉಗಿಯಲ್ಲಿ ಬೆಂದ ಬಟ್ಟೆಯ ಮೇಲೆ. ಆ ಮಾತನ್ನು ಅವರು ಯಾರ ಮುಂದೂ ಆಡಿದವರಲ್ಲ. ಅವರ ಕಣ್ಣು ಇದ್ದದ್ದು ಮಕ್ಕಳ ವಾರ್ಡಿನ ಕಿಟಕಿಯ ಮೇಲೆ. ಎಷ್ಟು ಒರೆಸಿದರೂ ಚಿಮಣಿಯ ಮಸಿ ಅಲ್ಲಿ ಬಂದು ಕೂರುತ್ತಿತ್ತು. ಒಳಗಿನಿಂದ ಕೆಮ್ಮು ಕೇಳುತ್ತಿತ್ತು. ಕೊನೆಗೆ ತಾವೇ ದೊಡ್ಡ ಡಾಕ್ಟರ ಮುಂದೆ ಹೋಗಿ ನಿಂತರು: "ಈ ಹೊಗೆ ನಿಲ್ಲಿಸಿ ಸ್ವಾಮಿ. ನನ್ನ ಕೆಲಸದ ಮಾತು ಆಮೇಲೆ."

ಗ್ಯಾಸ್ ಬಾಯ್ಲರ್ ಬಂತು. ಪೈಪ್ ಜೋಡಿಸುವ ತಂಡದ ಮೇಸ್ತ್ರಿಯಾಗಿ ಬಂದವಳು ಅವರ ಮಗಳೇ.

"ಈ ಗ್ಯಾಸೂ ನೆಲದೊಳಗಿಂದ ಬಂದಿದ್ದೇ ಅಲ್ವೇನೇ?" ಎಂದು ಕೇಳಿದರು ಉಗಿಮಾವ.

"ಹೂಂ, ಕಲ್ಲಿದ್ದಲಿನ ತಂಗಿ. ಆದ್ರೆ ಅಕ್ಕನಷ್ಟು ಮಸಿ ಬಳ್ಕೊಳ್ಳಲ್ಲ."

ಬಟ್ಟೆ ಒಗೆಯುವ ಹಿರಿಯಕ್ಕ ನಕ್ಕಳು: "ತಂಗೀರೇ ಹಾಗೆ ಕಣೇ, ಕೆಲಸಕ್ಕಿಂತ ಶೋಕಿ ಮುಂದು!"

ಮಗಳು ಹೊರಡುವಾಗ ಹೇಳಿದಳು: "ನಾಳೆ ಉಗಿ ಪೈಪ್ ಕತ್ತರಿಸಿ ಹೊಸ ಬಾಯ್ಲರಿಗೆ ಜೋಡಿಸ್ಬೇಕಪ್ಪ. ಇವತ್ತು ಬೆಂಕಿ ಮಲಗಿಸಿಬಿಡು." ಅವಳು ಹೇಳಿದ್ದು ಆರಿಸಲಿಕ್ಕೆ. ಆದರೆ ಅವರ ಮನೆಯಲ್ಲಿ 'ಆರಿಸು' ಎಂಬ ಮಾತಿಗೆ ಬಳಕೆಯೇ ಇರಲಿಲ್ಲ.

ಬೆಳಿಗ್ಗೆ ಅವಳು ಪೈಪಿನ ಹತ್ತಿರ ಅಂಗೈ ಒಯ್ದವಳು ಚುರುಕ್ ಎಂದು ಹಿಂದಕ್ಕೆಳೆದುಕೊಂಡಳು. "ಅಪ್ಪಾ! ಏನಿದು?"

"ನೀನೇ ಅಂದ್ಯಲ್ಲ, ಮಲಗಿಸು ಅಂತ. ಮಲಗಿದೆ."

ಹಿರಿಯಕ್ಕ ಸೆರಗು ಬಾಯಿಗಿಟ್ಟುಕೊಂಡಳು. "ಬೂದಿ ಮುಚ್ಚಿದ ಕೆಂಡ ಅಂತ ಮಾತಲ್ಲಿ ಕೇಳಿದ್ದೆ. ಇವತ್ತು ಕಣ್ಣಾರೆ ಕಂಡೆ!"

ಮಗಳು ನಗಲಿಲ್ಲ. ನಾಳೆ ಅವಳ ತಂಡ ಬೇರೆ ಊರಿನ ಒಂದು ತಿಂಗಳ ಕೆಲಸಕ್ಕೆ ಹೊರಡಬೇಕಿತ್ತು. ಇವತ್ತು ಪೈಪ್ ಕತ್ತರಿಸದಿದ್ದರೆ, ಅವರು ಮರಳಿ ಬರುವ ತನಕ ಮಕ್ಕಳ ವಾರ್ಡಿಗೆ ಅದೇ ಹೊಗೆ.

ಅವಳ ಮುಖ ನೋಡಿದ ಉಗಿಮಾವನ ಮುಖ ಸಣ್ಣಗಾಯಿತು. "ಬೇಕಂತ ಮಾಡಿದ್ದಲ್ಲ ಕಣೇ. ಈ ಕೈಗೆ ಇನ್ನೊಂದು ಗೊತ್ತೇ ಇಲ್ಲ. ನೀನು ಬಾಯಿಬಿಟ್ಟು ಹೇಳು, ಕೈ ಕೇಳುತ್ತೆ."

ಅವಳು ಒಲೆಯ ಕಡೆ ತಿರುಗಿದಳು. ಆಮೇಲೆ, ಬಹಳ ಮೆಲ್ಲಗೆ, "ಆರಿಸಪ್ಪ" ಎಂದಳು.

ಅವರು ಉದ್ದನೆಯ ಕೊಕ್ಕೆ ಹಿಡಿದರು. ಒಂದೊಂದೇ ಕೆಂಡವನ್ನು ನೆಲಕ್ಕೆಳೆದು ನೀರು ಹೊಯ್ದರು. ಒಗೆಯುವ ಹೆಂಗಸರು ಕೊಡದ ಮೇಲೆ ಕೊಡ ಸಾಗಿಸಿದರು. ಮಗಳು ಬಾಯ್ಲರಿಗೂ ತಣ್ಣೀರು ಬಿಡಲು ಹೋದಾಗ ಮಾತ್ರ ಅವರು ಗದರಿದರು: "ಬೇಡ! ಕಾದ ಕಬ್ಬಿಣ ಸೀಳಿಹೋಗುತ್ತೆ. ಇಷ್ಟು ವರ್ಷ ದುಡಿದಿದೆ, ಮರ್ಯಾದೆಯಿಂದ ತಣ್ಣಗಾಗ್ಲಿ." ಉಗಿಯನ್ನು ಸ್ವಲ್ಪ ಸ್ವಲ್ಪವೇ ಹೊರಗೆ ಬಿಟ್ಟರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಇಳಿಹೊತ್ತಿಗೆ ಪೈಪಿನ ಮೇಲೆ ಅಂಗೈ ಊರಿ, ತುಸು ಹೊತ್ತು ಹಾಗೇ ಇಟ್ಟುಕೊಂಡಿದ್ದು, "ಬಾ" ಎಂದರು.

ಮಗಳು ಗರಗಸ ಇಟ್ಟಳು. ಪೈಪ್ ಅಲುಗದ ಹಾಗೆ ಇನ್ನೊಂದು ತುದಿಯನ್ನು ಉಗಿಮಾವನವರೇ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.