ಪಡಸಾಲೆ ಗೋಡೆಯ ಮುಷ್ಟಿ

ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಒಳಗೊಳಗೇ ಒಂದು ಕೆಟ್ಟ ಖುಷಿ. ಯಾಕೆ ಅಂತ ಹೇಳುತ್ತೇನೆ ಕೇಳಿ. ಸಿಂದಗಿಯ ನಮ್ಮ ಮನೆಯಲ್ಲಿ ಶಾಂತಾ ಅತ್ತಿ, ಅಂದರೆ ಅಪ್ಪನ ತಂಗಿ, ಚಿತ್ರ ಬರೆಯುತ್ತಿದ್ದಳು. ಡ್ರಾಯಿಂಗ್ ಪರೀಕ್ಷೆಗೆ ಬಿಜಾಪುರಕ್ಕೆ ಹೊರಟು ನಿಂತವಳ ಕೈಯಿಂದ ದೊಡ್ಡಪ್ಪ ಚಿತ್ರಗಳನ್ನೆಲ್ಲ ಕಸಿದು ನೀರೊಲೆಗೆ ತುರುಕಿದ. "ಗ್ವಾಡಿಗೆ ಸುಣ್ಣಾ ಹಚ್ಚಾಕ ಬರೂದಿಲ್ಲ, ಚಿತ್ರಾ ಬರೀತಾಳಂತ ಚಿತ್ರಾ!" ಅಂದ. ಅತ್ತಿ ಅಳಲಿಲ್ಲ. ಮರುದಿನ ಅವನು ಸಂತೆಗೆ ಹೋದ ಮೇಲೆ ಅದೇ ಒಲೆಯ ಇದ್ದಿಲನ್ನು ಔಡಲೆಣ್ಣೆಯಲ್ಲಿ ಅದ್ದಿ, ಪಡಸಾಲೆಯಲ್ಲಿ ಅವನು ಒರಗಿ ಕೂರುವ ಗೋಡೆಯ ಮೇಲೆ ಅವನನ್ನೇ ಬರೆದಳು. ತಲೆ ಲಿಂಬೆಹಣ್ಣಿನಷ್ಟು, ಮೇಲೆತ್ತಿದ ಮುಷ್ಟಿ ಕೊಡದಷ್ಟು. ಬಾಯಿ ಒಂದು ಕಪ್ಪು ತೂತು. ಒತ್ತಿ ಎಳೆದ ಕಡೆ ಗೋಡೆಯ ಮಣ್ಣೇ ಉದುರಿತ್ತು. ಭುಜದ ಹತ್ತಿರ ಗೆರೆ ಎರಡಾಗಿತ್ತು.

"ಕಣ್ಣ ಯಾಕಿಲ್ಲತ್ತಿ?" ಅಂತ ಕೇಳಿದೆ.

"ಅಂವ ಒಮ್ಮೆರೆ ನನ್ನ ಚಿತ್ರಾ ನೋಡಿದ್ರ ಬರೀತಿದ್ನೆವಾ."

ಕಂಡದ್ದನ್ನು ಬಿಟ್ಟು ಒಳಗೆ ಕುದಿಯುವುದನ್ನೇ ಬರೆಯುವ ಪದ್ಧತಿ ಜರ್ಮನಿಯಲ್ಲೂ ಇತ್ತು ಅಂತ ಎಷ್ಟೋ ವರ್ಷದ ಮೇಲೆ ಲೈಬ್ರರಿಯ ಪುಸ್ತಕದಲ್ಲಿ ಓದಿದೆ. ಅಲ್ಲಿನ ಚಿತ್ರ ನೋಡಿ "ಇದು ನಮ್ಮತ್ತೀದು!" ಅಂತ ಕೂಗೇಬಿಟ್ಟೆ.

ದೊಡ್ಡಪ್ಪ ಸುಣ್ಣ ಹೊಡೆಸಿದ. ಎಣ್ಣೆ ಕುಡಿದ ಗೋಡೆಗೆ ಸುಣ್ಣ ಹಿಡಿಯಲಿಲ್ಲ. ಪ್ರತಿ ದೀಪಾವಳಿಗೂ ಬಳಿಯುವುದು, ಒಣಗುತ್ತಲೇ ಮುಷ್ಟಿ ಮತ್ತೆ ಮೇಲೇಳುವುದು. ಬಂದವರು "ಸಾವ್ಕಾರ್ರ, ನಿಮ್ಮ ಹಿಂದ ಯಾರೋ ನಿಂತಾರಲ್ರಿ" ಅಂತ ನಗುತ್ತಿದ್ದರು. ಗೋಡೆ ಕೆತ್ತಿಸಿ ಅಂದರೆ, "ಒಂದ ಹೆಣ್ಣಿಗೆ ಅಂಜಿ ಗ್ವಾಡಿ ಕೆತ್ತಸ್ಲೇನು?" ಅಂತ ಹಟ. ಬಳಿಯುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ ಆ ಜಾಗಕ್ಕೆ ಬೇಕಂತಲೇ ನೀರುನೀರು ಸುಣ್ಣ ಹಚ್ಚಿದೆ. ಅತ್ತಿ ಪರೀಕ್ಷೆಗೆ ಕೂರಲೇ ಇಲ್ಲ. ಅವನೂ ಆರಾಮಾಗಿ ಕೂರಬಾರದು, ಅಷ್ಟೇ.

ನಮ್ಮಲ್ಲಿ ಹೆಣವನ್ನು ಗೋಡೆಗೆ ಆನಿಸಿ ಕೂಡಿಸುತ್ತಾರೆ. ದೊಡ್ಡಪ್ಪ ಸತ್ತಾಗಲೂ ಅದೇ ಜಾಗದಲ್ಲಿ ಕೂಡಿಸಿದರು. ವಿಭೂತಿ ಹಚ್ಚಿದ ತಲೆಯ ಮೇಲೆ ಸರಿಯಾಗಿ ಆ ಮುಷ್ಟಿ. ಊರೆಲ್ಲ ನೋಡಲಿ ಅಂದುಕೊಂಡು ನಾನೂ ಕಣ್ತುಂಬ ನೋಡುತ್ತ ನಿಂತಿದ್ದೆ. ಅಷ್ಟರಲ್ಲಿ ಅತ್ತಿ ಸೆರಗು ತೋಯಿಸಿಕೊಂಡು ಬಂದು ಗೋಡೆ ತಿಕ್ಕತೊಡಗಿದಳು.

"ಬಿಡತ್ತಿ, ಇರ್ಲಿ."

"ಹೋಗವಲ್ದವಾ... ಎಣ್ಣಿ ಯಾಕ ಹಚ್ಚಿದ್ನೋ ನಾ."

ಈಗ ಆ ಮನೆಯಿಲ್ಲ, ಅತ್ತಿಯೂ ಇಲ್ಲ. ಅವಳು ಅವನ ಮೇಲಿನ ಸಿಟ್ಟನ್ನು ಅವತ್ತೇ ಬಿಟ್ಟಳು. ನಾನಿನ್ನೂ ಬಿಟ್ಟಿಲ್ಲ. ಹಸಿ ಸುಣ್ಣದ ವಾಸನೆಗೆ ಮೊದಲು ಆ ಮುಷ್ಟಿಯೇ ಕಣ್ಣೆದುರು ಬರುತ್ತದೆ. ಗೋಡೆ ಒಣಗುತ್ತ ಬಂದಂತೆ, ಅದನ್ನು ತಿಕ್ಕುತ್ತಲೇ ಇರುವ ಅತ್ತಿಯ ಕೈ.